25 ಸಾವಿರದೊಳಗೆ ಟಿವಿ: ಅಂಗಡಿಗೆ ಹೋಗುವ ಮುಂಚೆ, ಹೋದ ಮೇಲೆ

ಹಬ್ಬದ ಸೇಲ್ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ‘25 ಸಾವಿರ ಇದೆ, ಯಾವ ಟಿವಿ ತಗೊಳ್ಳಲಿ?’ ‘43 ಇಂಚು ಸಾಕಾ, 55ಕ್ಕೆ ಹೋಗಲಾ?’ ‘ಕ್ಯೂಎಲ್‌ಇಡಿ ಅಂತಾರಲ್ಲ, ಅದೇ ಬೇಕಾ?’ ಒಂದು ಮಾಡೆಲ್ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಈ ಯುಗಾದಿಗೆ ಹೇಳಿದ ಮಾಡೆಲ್ ಮುಂದಿನ ಯುಗಾದಿಗೆ ಅಂಗಡಿಯಲ್ಲೇ ಇರುವುದಿಲ್ಲ. ಅದಕ್ಕೇ ಆರಿಸುವ ದಾರಿಯನ್ನೇ ಬರೆದಿದ್ದೇನೆ. 15 ಸಾವಿರ ಇರುವವರಿಗೂ 35 ಸಾವಿರ ಇರುವವರಿಗೂ ದಾರಿ ಇದೇ.

ಇಡೀ ಲೇಖನದ ತಿರುಳು ಇಷ್ಟೇ: ಅಂಗಡಿಯಲ್ಲಿ ಓಡುವ ಗಿಳಿ, ಜಲಪಾತದ ವಿಡಿಯೊ ನೋಡಿ ಟಿವಿ ಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಸಂಜೆ ಏನು ಓಡುತ್ತದೋ ಅದಕ್ಕೆ ತಕ್ಕಂತೆ ಕೊಳ್ಳಿ.

ಶುರು ಮಾಡುವ ಮುಂಚೆ ಮೂರು ವಸ್ತು ಇಟ್ಟುಕೊಳ್ಳಿ: ಅಳತೆ ಟೇಪು, ನಾಲ್ಕು ಹಳೇ ದಿನಪತ್ರಿಕೆ, ಒಂದು ಪೆನ್‌ಡ್ರೈವ್.

ಹಂತ 1: ಹೊಸದು ನಿಜವಾಗಲೂ ಬೇಕಾ?

ಹಳೇ ಟಿವಿಯ ಚಿತ್ರ ಚೆನ್ನಾಗಿಯೇ ಇದೆ, ಆದರೆ ಅದರಲ್ಲಿ ಯೂಟ್ಯೂಬ್ ಬರುವುದಿಲ್ಲ ಅಥವಾ ತುಂಬಾ ನಿಧಾನ ಅನ್ನುವುದಷ್ಟೇ ನಿಮ್ಮ ದೂರಾದರೆ, ಹೊಸ ಟಿವಿ ಬೇಡ. ಹಿಂದೆ ಎಚ್‌ಡಿಎಂಐ ಪೋರ್ಟ್ ಇದೆಯಾ ನೋಡಿ. ಚಪ್ಪಟೆ ಬಾಯಿಯ, ಎರಡು ಮೂಲೆ ಸ್ವಲ್ಪ ಕತ್ತರಿಸಿದಂತಿರುವ ಕಿಂಡಿ ಅದು. ಅಲ್ಲಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್, ಅಂದರೆ ಇಂಟರ್ನೆಟ್‌ನಿಂದ ವಿಡಿಯೊ ತರುವ ಪುಟ್ಟ ಸಾಧನ, ಸಿಕ್ಕಿಸಿದರೆ ಟಿವಿ ಸ್ಮಾರ್ಟ್ ಆಗುತ್ತದೆ. ಸುಮಾರು 3ರಿಂದ 5 ಸಾವಿರದಲ್ಲಿ ಕೆಲಸ ಮುಗಿಯಿತು.

ಟಿವಿ ಕೆಟ್ಟಿದ್ದರೆ ಏನು ಕೆಟ್ಟಿದೆ ಅಂತ ತಿಳಿದುಕೊಳ್ಳಿ. ಧ್ವನಿ ಬರುತ್ತಿದೆ, ಪರದೆ ಮಾತ್ರ ಕಪ್ಪು ಅಂದರೆ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ನೋಡಿ. ಒಳಗೆ ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಹೆಚ್ಚಾಗಿ ಹೋಗಿರುವುದು ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ಎಲ್‌ಇಡಿ ದೀಪದ ಪಟ್ಟಿ. ಅದನ್ನು ಊರಿನ ಮೆಕ್ಯಾನಿಕ್ ಕೂಡ ಬದಲಾಯಿಸುತ್ತಾರೆ, ಖರ್ಚೂ ಕಡಿಮೆ. ಆದರೆ ಪರದೆ ಒಡೆದಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಪ್ಯಾನೆಲ್ ಬೆಲೆ ಹೊಸ ಟಿವಿ ಬೆಲೆಯ ಹತ್ತಿರ ಹತ್ತಿರ ಬರುತ್ತದೆ.

ಹಂತ 2: ಮನೆಗೆ ಏನು ಬರುತ್ತಿದೆ?

ಬಹಳ ಜನ ಎಡವುವುದು ಇಲ್ಲೇ. 4ಕೆ ಟಿವಿ ತಂದು, ಕೇಬಲ್ ಹಾಕಿ, ‘ಹಳೇ ಟಿವಿಯೇ ಚೆನ್ನಾಗಿತ್ತು’ ಅನ್ನುವವರು ತುಂಬಾ ಜನ. ಅವರು ಹೇಳುವುದು ಸುಳ್ಳಲ್ಲ.

ಲೆಕ್ಕ ನೋಡಿ. ಟಿವಿಯ ಚಿತ್ರ ಅಂದರೆ ಸಣ್ಣ ಸಣ್ಣ ಚುಕ್ಕೆಗಳ ರಂಗೋಲಿ. ಈ ಚುಕ್ಕೆಗೆ ಪಿಕ್ಸೆಲ್ ಅನ್ನುತ್ತಾರೆ. ಸಾಮಾನ್ಯ ಎಸ್‌ಡಿ ಚಾನೆಲ್‌ನಲ್ಲಿ ಬರುವುದು 720×576, ಅಂದರೆ ಸುಮಾರು 4 ಲಕ್ಷ ಚುಕ್ಕೆ. 4ಕೆ ಪರದೆಯಲ್ಲಿ ಇರುವುದು 3840×2160, ಅಂದರೆ ಸುಮಾರು 83 ಲಕ್ಷ. ಬಂದ ಒಂದೊಂದು ಚುಕ್ಕೆಯನ್ನು ಟಿವಿ 20 ಮಾಡಿ ಹರಡಬೇಕು. ಈ ಕೆಲಸಕ್ಕೆ ಅಪ್‌ಸ್ಕೇಲಿಂಗ್ ಅಂತ ಹೆಸರು. ಕಡಿಮೆ ಬೆಲೆಯ ಟಿವಿಗಳು ಸೋಲುವುದು ಇದರಲ್ಲೇ. ಮುಖ ಮೇಣದ ಗೊಂಬೆ ಥರ ಕಾಣುತ್ತದೆ, ಅಕ್ಷರದ ಅಂಚಿನಲ್ಲಿ ಹಲ್ಲು ಹಲ್ಲು.

ಹಾಗಾದರೆ ಮಾಡಬೇಕಾದ್ದು:

ಕೇಬಲ್ ಅಥವಾ ಡಿಶ್ ನೋಡುವ ಮನೆಯಾದರೆ, ಸೆಟ್‌ಟಾಪ್ ಬಾಕ್ಸ್ ಎಚ್‌ಡಿಯಾ ಅಂತ ನೋಡಿ. ಎಚ್‌ಡಿ ಆಗಿದ್ದರೂ ಕೆಂಪು-ಬಿಳಿ-ಹಳದಿ ವೈರಿನಲ್ಲಿ ಜೋಡಿಸಿದ್ದರೆ ಎಚ್‌ಡಿ ಬರುವುದಿಲ್ಲ. ಎಚ್‌ಡಿಎಂಐ ವೈರೇ ಬೇಕು. ಎಚ್‌ಡಿ ಪ್ಯಾಕಿಗೆ ವರ್ಷಗಟ್ಟಲೆ ದುಡ್ಡು ಕಟ್ಟಿ ಹಳದಿ ವೈರಿನಲ್ಲಿ ನೋಡುತ್ತಿರುವ ಮನೆಗಳು ಇವೆ. ಮನೆಯಲ್ಲಿ ಬರುವುದೆಲ್ಲ ಎಸ್‌ಡಿ, ಬದಲಾಯಿಸುವ ಯೋಚನೆಯೂ ಇಲ್ಲ ಅಂದರೆ 32 ಇಂಚಿನಲ್ಲೇ ನಿಲ್ಲಿ. ಡಿಡಿ ಫ್ರೀ ಡಿಶ್ ಹಾಕಿಸಿ, ತಿಂಗಳ ಬಾಡಿಗೆ ಇಲ್ಲದೆ ಚಂದನ ನೋಡುವವರಿಗೂ ಇದೇ ಮಾತು.

ಒಟಿಟಿ ಜಾಸ್ತಿ ನೋಡುವವರು ತಮ್ಮ ಪ್ಲಾನ್ ನೋಡಿಕೊಳ್ಳಿ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ಟಿವಿಯಲ್ಲಿ ಓಡುವುದೇ ಇಲ್ಲ. ಅದರಲ್ಲಿ 4ಕೆ ಬೇಕೆಂದರೆ ಎಲ್ಲಕ್ಕಿಂತ ದುಬಾರಿಯ ಪ್ರೀಮಿಯಂ ಪ್ಲಾನೇ ಬೇಕು. ಇಂಟರ್ನೆಟ್ ಕೂಡ ಅಷ್ಟೇ: ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ವೇಗ ಸಾಕು, 4ಕೆ ತಡವರಿಸದೆ ಓಡಲು 15ರಿಂದ 25 ಬೇಕು.

ಹಂತ 3: ಗೋಡೆ ಅಳೆಯಿರಿ

ಟಿವಿಯ ಇಂಚು ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು, ಅಗಲ ಅಲ್ಲ. ಪರದೆಯ ಅಂದಾಜು ಅಗಲ, ಎತ್ತರ ಹೀಗಿರುತ್ತದೆ:

- 32 ಇಂಚು: 28 × 16 ಇಂಚು
- 43 ಇಂಚು: 37.5 × 21 ಇಂಚು
- 55 ಇಂಚು: 48 × 27 ಇಂಚು

ಈಗ ಪೇಪರ್ ತನ್ನಿ. ದಿನಪತ್ರಿಕೆಯ ಮೂರು ಪುಟಗಳನ್ನು ನೆಟ್ಟಗೆ ಪಕ್ಕಪಕ್ಕ ಇಟ್ಟು ಗೋಡೆಗೆ ಅಂಟು ಟೇಪಿನಲ್ಲಿ ಹಚ್ಚಿದರೆ ಹೆಚ್ಚುಕಡಿಮೆ 43 ಇಂಚಿನ ಟಿವಿಯಷ್ಟಾಗುತ್ತದೆ. ಅಳತೆ ಟೇಪಿನಲ್ಲಿ ಅಳೆದು ಅಂಚು ಮಡಚಿ ಸರಿಮಾಡಿ. ಒಂದು ದಿನ ಹಾಗೇ ಬಿಡಿ. ದಿನಾ ಕೂರುವ ಜಾಗದಲ್ಲೇ ಕೂತು ನೋಡಿ. ಬಾಗಿಲು ತೆಗೆದಾಗ ತಾಗುತ್ತದಾ, ಸ್ವಿಚ್ ಬೋರ್ಡ್ ಮುಚ್ಚಿಹೋಗುತ್ತದಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಅಂಗಡಿಯಲ್ಲಿ 75 ಇಂಚಿನ ಪಕ್ಕ ಇಟ್ಟ 43 ಇಂಚು ಪಾಪ ಅನ್ನಿಸುತ್ತದೆ. ಮನೆಗೆ ತಂದ ಮೇಲೆ ಅದೇ ದೊಡ್ಡದು.

ದೂರದ ಲೆಕ್ಕ: ಕಣ್ಣಿನಿಂದ ಪರದೆಗೆ 5 ಅಡಿಯೊಳಗೆ ಇದ್ದರೆ 32. ಸುಮಾರು 5.5ರಿಂದ 7 ಅಡಿ ಇದ್ದರೆ 43. ಅದಕ್ಕಿಂತ ಜಾಸ್ತಿ, 9 ಅಡಿವರೆಗೆ ಇದ್ದರೆ 50 ಅಥವಾ 55. ಇದು ಎಚ್‌ಡಿ ನೋಡುವವರಿಗೆ. ಎಸ್‌ಡಿ ಜಾಸ್ತಿ ನೋಡುವವರು ಒಂದು ಮೆಟ್ಟಿಲು ಕೆಳಗೆ ಇಳಿಯಿರಿ.

ಎರಡು ಕಡೆ ಹುಷಾರಾಗಿರಿ. ಹಳೇ ಮನೆಗಳ ಶೋಕೇಸಿನಲ್ಲಿ ಟಿವಿಗೆ ಬಿಟ್ಟಿರುವ ಗೂಡು 21 ಇಂಚಿನ ಡಬ್ಬಾ ಟಿವಿಯ ಅಳತೆಯದು. ಅದರೊಳಗೆ ಈಗಿನ 32 ಇಂಚು ಕೂಡ ಹಿಡಿಯದೇ ಹೋಗಬಹುದು. ಇನ್ನೊಂದು ಕಾಲುಗಳದ್ದು. ಈಗಿನ ಟಿವಿಗಳಿಗೆ ನಡುವೆ ಒಂದು ಸ್ಟ್ಯಾಂಡ್ ಇರುವುದು ಅಪರೂಪ, ಎರಡು ತುದಿಗೆ ಎರಡು ಕಾಲು ಇರುತ್ತವೆ. ನಾನು ಒಮ್ಮೆ ಬರೀ ಟಿವಿಯ ಅಗಲ ನೋಡಿ, ಕಾಲುಗಳ ನಡುವಿನ ಅಂತರ ನೋಡದೆ ತಂದೆ. ಒಂದು ಕಾಲು ಮೇಜಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ಎರಡು ದಿನ ಟಿವಿ ಪೆಟ್ಟಿಗೆಯೊಳಗೇ ಕೂತಿತ್ತು.

ಗೋಡೆಗೆ ಹಾಕಿಸುವುದಾದರೆ ಹೋಟೆಲಿನ ಹಾಗೆ ಸೂರಿಗೆ ಹತ್ತಿರ ಬೇಡ. ಕೂತಾಗ ಕಣ್ಣು ಇರುವ ಮಟ್ಟಕ್ಕೆ ಪರದೆಯ ನಡುಭಾಗ ಬರಲಿ. ಸ್ವಲ್ಪ ಮೇಲಿದ್ದರೂ ಪರವಾಗಿಲ್ಲ.

ಹಂತ 4: ಪೆಟ್ಟಿಗೆ ಮೇಲಿನ ಪದಗಳು

ಎಲ್ಲವನ್ನೂ ಕಲಿಯಬೇಕಿಲ್ಲ. ಈ ಬಜೆಟ್‌ಗೆ ಬೇಕಾದಷ್ಟು ಸಾಕು.

ಎಲ್‌ಇಡಿ: ಎಲ್‌ಸಿಡಿ ಪರದೆ, ಹಿಂದೆ ಎಲ್‌ಇಡಿ ದೀಪ. ಬಜೆಟ್ ಟಿವಿಗಳೆಲ್ಲ ಇವೇ.

ಕ್ಯೂಎಲ್‌ಇಡಿ: ಇದೂ ಅದೇ. ನಡುವೆ ಬಣ್ಣ ಚೆನ್ನಾಗಿ ಕಾಣಲು ಒಂದು ತೆಳು ಪದರ ಸೇರಿರುತ್ತದೆ. ಎರಡು ಸಾವಿರ ಹೆಚ್ಚು ಕೊಟ್ಟು ಸಿಕ್ಕರೆ ತಗೊಳ್ಳಿ. ಆರು ಸಾವಿರ ಅಂದರೆ ಬೇಡ. ಹೆಸರು ಕೇಳಿ ಒಎಲ್‌ಇಡಿ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಅದು ನಮ್ಮ ಬಜೆಟ್ ಅಲ್ಲ, ಮುಂದಕ್ಕೆ ಹೋಗೋಣ.

ಎಚ್‌ಡಿ ರೆಡಿ, ಫುಲ್ ಎಚ್‌ಡಿ, 4ಕೆ: ಕ್ರಮವಾಗಿ 1366×768, 1920×1080, 3840×2160 ಚುಕ್ಕೆ. 32 ಇಂಚಿಗೆ ಎಚ್‌ಡಿ ರೆಡಿ ನಡೆಯುತ್ತದೆ, ಫುಲ್ ಎಚ್‌ಡಿ ಸಿಕ್ಕರೆ ಇನ್ನೂ ಒಳ್ಳೆಯದು. 43ರಲ್ಲಿ ಎಂಟು ಅಡಿ ದೂರದಿಂದ ನೋಡಿದರೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣುವುದು ಕಷ್ಟ. ಆದರೂ ಬೆಲೆಯಲ್ಲಿ ಎರಡು-ಮೂರು ಸಾವಿರದ ವ್ಯತ್ಯಾಸವಷ್ಟೇ ಇದ್ದರೆ 4ಕೆಗೆ ಹೋಗಿ ಅನ್ನುತ್ತೇನೆ. ಕಂಪನಿಗಳು ಸ್ವಲ್ಪ ಒಳ್ಳೆ ಪ್ಯಾನೆಲ್, ಒಳ್ಳೆ ಚಿಪ್ ಹಾಕುವುದು ಆ ಮಾಡೆಲ್‌ಗಳಿಗೇ.

ಐಪಿಎಸ್, ವಿಎ: ಪ್ಯಾನೆಲ್‌ನಲ್ಲಿ ಎರಡು ಜಾತಿ. ವಿಎಯಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಪೇಲವ. ಐಪಿಎಸ್ ಉಲ್ಟಾ. ಎದುರಿಗೇ ಸೋಫಾ ಇದ್ದರೆ ವಿಎ. ಅಡುಗೆಮನೆ ಬಾಗಿಲಿನಿಂದ ಒಬ್ಬರು, ದಿವಾನದ ಮೇಲಿಂದ ಒಬ್ಬರು, ನೆಲದ ಮೇಲಿಂದ ಮಕ್ಕಳು ನೋಡುವ ಮನೆಯಾದರೆ ಐಪಿಎಸ್. ಪೆಟ್ಟಿಗೆ ಮೇಲೆ ಇದನ್ನು ಬರೆಯುವುದು ಕಡಿಮೆ. ಅಂಗಡಿಯಲ್ಲಿ ಪಕ್ಕಕ್ಕೆ ನಿಂತು ನೀವೇ ನೋಡಬೇಕು.

ಎಚ್‌ಡಿಆರ್: ಬೆಳಕು-ನೆರಳು ಎರಡೂ ಎದ್ದು ಕಾಣುವ ತಂತ್ರ. ಇದು ಕೆಲಸ ಮಾಡಲು ಪರದೆ ಚೆನ್ನಾಗಿ ಬೆಳಗಬೇಕು. ಬೆಳಕಿನ ಅಳತೆ ನಿಟ್ಸ್. 250-300 ನಿಟ್ಸ್ ಟಿವಿಯ ಮೇಲೆ ಎಚ್‌ಡಿಆರ್ ಅಂತ ಸ್ಟಿಕ್ಕರ್ ಇದ್ದರೂ ಅದು ಸ್ಟಿಕ್ಕರ್ ಅಷ್ಟೇ. ‘ಡಾಲ್ಬಿ’ ಸ್ಟಿಕ್ಕರ್ ನೋಡಿ ಥಿಯೇಟರ್ ಸೌಂಡ್ ಬರುತ್ತದೆ ಅಂದುಕೊಳ್ಳುವುದೂ ಇಂಥದ್ದೇ. ತೆಳ್ಳಗಿನ ಟಿವಿಯ ಕೆಳಗೆ ನೆಲ ನೋಡುತ್ತಿರುವ ಎರಡು ಪುಟ್ಟ ಸ್ಪೀಕರ್‌ಗಳು ಎಷ್ಟು ಮಾಡಿಯಾವು?

ರ‍್ಯಾಮ್: ಇದನ್ನು ಕೇಳದೆ ಬರಬೇಡಿ. ಟಿವಿ ಚುರುಕಾಗಿ ಓಡಲು ಬೇಕಾದ ತಾತ್ಕಾಲಿಕ ನೆನಪು ಇದು. ಆಂಡ್ರಾಯ್ಡ್ ಅಥವಾ ಗೂಗಲ್ ಟಿವಿಯಾದರೆ 2 ಜಿಬಿ ಇರಲೇಬೇಕು. ನಮ್ಮ ಮನೆಯಲ್ಲಿ 1 ಜಿಬಿಯದ್ದು ಒಂದಿತ್ತು. ಎರಡನೇ ವರ್ಷಕ್ಕೆ ಯೂಟ್ಯೂಬ್ ಒತ್ತಿ, ಒಳಗೆ ಹೋಗಿ ನೀರು ಕುಡಿದು ಬಂದರೆ ಆಗ ತೆರೆಯುತ್ತಿತ್ತು.

ತೀರಾ ಅಗ್ಗದ ಟಿವಿಗಳಲ್ಲಿ ಇನ್ನೊಂದು ಮೋಸ. ‘ಆಂಡ್ರಾಯ್ಡ್ ಸ್ಮಾರ್ಟ್ ಟಿವಿ’ ಅಂತ ಬರೆದಿರುತ್ತದೆ, ಗೂಗಲ್‌ನ ಅನುಮತಿ ಇರುವುದಿಲ್ಲ. ಪ್ಲೇ ಸ್ಟೋರ್ ಇರುವುದಿಲ್ಲ, ಇದ್ದರೂ ಮೊಬೈಲ್‌ನ ಆ್ಯಪ್ ತುರುಕಿರುತ್ತಾರೆ. ಕೆಲವು ಒಟಿಟಿಗಳು ಓಡುವುದೇ ಇಲ್ಲ. ಅಂಗಡಿಯಲ್ಲೇ ನೀವು ನೋಡುವ ಆ್ಯಪ್‌ಗಳನ್ನು ತೆರೆಸಿ. ‘ಮನೆಗೆ ಹೋದ ಮೇಲೆ ಅಪ್‌ಡೇಟ್ ಆಗುತ್ತೆ ಸಾರ್’ ಅಂದರೆ ನಂಬಬೇಡಿ.

ಹಂತ 5: ದುಡ್ಡು ಹಂಚಿಕೊಳ್ಳಿ

25 ಸಾವಿರ ಇದ್ದರೆ ಟಿವಿಗೆ 22 ಸಾವಿರ ಅಂತ ಇಟ್ಟುಕೊಳ್ಳಿ. ಉಳಿದದ್ದಕ್ಕೆ ಕೆಲಸ ಇದೆ. ಗೋಡೆಗೆ ಹಾಕುವ ಬ್ರ್ಯಾಕೆಟ್ ಪೆಟ್ಟಿಗೆಯೊಳಗೇ ಇರುತ್ತದಾ, ಫಿಟ್ಟಿಂಗ್ ಮಾಡುವವರಿಗೆ ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿ. ಎಚ್‌ಡಿಎಂಐ ವೈರ್, ಸ್ಪೈಕ್ ಗಾರ್ಡ್, ಹೊಸ ಪ್ಲಗ್ ಪಾಯಿಂಟ್ ಎಲ್ಲ ಸೇರಿದರೆ ಸಣ್ಣ ಮೊತ್ತವೇನಲ್ಲ.

ಸ್ಟೆಬಿಲೈಜರ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಟಿವಿಯ ಹಿಂದೆ ಅಂಟಿಸಿದ ಚೀಟಿ ನೋಡಿ. 100-240 ವೋಲ್ಟ್ ಅಂತ ಇದ್ದರೆ, ಕರೆಂಟ್ ಇಳಿಯುವುದೇ ನಿಮ್ಮ ಊರಿನ ತೊಂದರೆಯಾದರೆ, ಟಿವಿ ತಾನೇ ಸುಧಾರಿಸಿಕೊಳ್ಳುತ್ತದೆ. ವೋಲ್ಟೇಜ್ ಇದ್ದಕ್ಕಿದ್ದಂತೆ ಏರಿ ಬಲ್ಬು ಸುಡುವ ಊರಾದರೆ ಹಾಕಿಸಿ.

ವಿದ್ಯುತ್ತಿನ ಲೆಕ್ಕವೂ ಇರಲಿ. ಸುಮಾರು 80 ವಾಟ್ ಎಳೆಯುವ 43 ಇಂಚಿನ ಟಿವಿ ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್. ಗೃಹಜ್ಯೋತಿಯಲ್ಲಿದ್ದು 200 ಯೂನಿಟ್ ಗಡಿಯ ಅಂಚಿನಲ್ಲೇ ಇರುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಗಡಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಟಿವಿಯ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರುತ್ತದೆ. ನಕ್ಷತ್ರ ಎಣಿಸುವ ಬದಲು ಆ ಅಂಕಿ ಓದಿ.

ಹಂತ 6: ಅಂಗಡಿಯಲ್ಲಿ 10 ನಿಮಿಷ

ಆನ್‌ಲೈನ್‌ನಲ್ಲಿ ಕೊಳ್ಳುವವರೂ ಒಮ್ಮೆ ಅಂಗಡಿಗೆ ಹೋಗಿ ಕಣ್ಣಿಂದ ನೋಡಿ ಬನ್ನಿ. ಪೆನ್‌ಡ್ರೈವ್‌ಗೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಿನಿಮಾದ ರಾತ್ರಿ ದೃಶ್ಯ, ಮನೆಯ ಮದುವೆಯ ವಿಡಿಯೊ, ಇಷ್ಟು ಹಾಕಿಕೊಂಡು ಹೋಗಿ. ಮದುವೆ ವಿಡಿಯೊ ಏಕೆ ಅಂದರೆ, ನಿಮ್ಮ ಅತ್ತೆಯ ಮುಖದ ಬಣ್ಣ, ಆ ಮೈಸೂರು ಸಿಲ್ಕ್ ಸೀರೆಯ ಬಣ್ಣ ನಿಮಗೆ ಗೊತ್ತು. ಗಿಳಿಯ ಬಣ್ಣ ನಿಜವಾಗಲೂ ಹೇಗಿತ್ತು ಅಂತ ಯಾರಿಗೆ ಗೊತ್ತು?

ಮೊದಲು ಪಿಕ್ಚರ್ ಮೋಡ್ ಬದಲಾಯಿಸಲು ಹೇಳಿ. ಅಂಗಡಿಯಲ್ಲಿ ‘ವಿವಿಡ್’ ಅಥವಾ ‘ಡೈನಾಮಿಕ್’ ಇರುತ್ತದೆ, ಎಲ್ಲ ಬಣ್ಣವೂ ಕಿರುಚುತ್ತಿರುತ್ತದೆ. ‘ಸ್ಟ್ಯಾಂಡರ್ಡ್’ ಅಥವಾ ‘ಸಿನಿಮಾ’ಗೆ ಹಾಕಿಸಿ.

ಆಮೇಲೆ ಯಾವುದಾದರೂ ಕನ್ನಡ ನ್ಯೂಸ್ ಚಾನೆಲ್ ಹಾಕಿಸಿ. ಮುಖ ನೋಡಬೇಡಿ, ಕೆಳಗೆ ಓಡುವ ಪಟ್ಟಿ ನೋಡಿ. ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ. ಅಕ್ಷರಗಳು ಓಡುವಾಗ ಹಿಂದೆ ಬಾಲ ಬಿಡುತ್ತಿವೆಯಾ? ಒತ್ತಕ್ಷರ ಕಲಸಿಹೋಗುತ್ತಿದೆಯಾ? ಪಟ್ಟಿ ತಡೆದು ತಡೆದು ಓಡುತ್ತಿದೆಯಾ? ಹಾಗಿದ್ದರೆ ಕ್ರಿಕೆಟ್‌ನಲ್ಲಿ ಚೆಂಡೂ ಹೀಗೇ ಕಾಣುತ್ತದೆ.

ರಾತ್ರಿ ದೃಶ್ಯ ಹಾಕಿ. ಕಪ್ಪು ಕೋಟಿನ ಮಡಿಕೆಗಳು, ಕತ್ತಲಲ್ಲಿರುವ ಮರ ಕಾಣಬೇಕು. ಎಲ್ಲ ಒಂದೇ ಬೂದು ಗೋಡೆಯಾದರೆ ಆ ಪ್ಯಾನೆಲ್ ಬೇಡ. ಹಾಗೇ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ, ನೆಲಕ್ಕೆ ಕೂತು ನೋಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ಕೊನೆಗೆ ರಿಮೋಟ್ ನೀವೇ ಇಸಕೊಳ್ಳಿ. ಯೂಟ್ಯೂಬ್ ತೆರೆಯಿರಿ, ಹೊರಗೆ ಬನ್ನಿ, ಮತ್ತೆ ತೆರೆಯಿರಿ. ಹೊಸ ಟಿವಿಯೇ ತಡವರಿಸಿದರೆ ಮುಂದೆ ಕಥೆ ಏನು? ಹಿಂದೆ ಎಚ್‌ಡಿಎಂಐ ಪೋರ್ಟ್ ಕನಿಷ್ಠ ಎರಡು ಇರಲಿ, ಒಂದರ ಪಕ್ಕ ಎಆರ್‌ಸಿ ಅಂತ ಬರೆದಿರಲಿ. ಮುಂದೆ ಸೌಂಡ್‌ಬಾರ್, ಅಂದರೆ ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್, ಹಾಕಲು ಅದು ಬೇಕು. ವೈಫೈ 5 ಗಿಗಾಹರ್ಟ್ಜ್ ಹಿಡಿಯುತ್ತದಾ ಅಂತಲೂ ಕೇಳಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಮುಖ್ಯ. ಅಕ್ಕಪಕ್ಕದವರ ರೂಟರ್‌ಗಳೆಲ್ಲ 2.4 ಗಿಗಾಹರ್ಟ್ಜ್‌ನಲ್ಲೇ ಕಿತ್ತಾಡುತ್ತಿರುತ್ತವೆ.

ಹಂತ 7: ಸರ್ವಿಸ್ ಮತ್ತು ಬೆಲೆ

ಬೆಲೆಗಿಂತ ಮುಂಚೆ ಸರ್ವಿಸ್. ಕಂಪನಿಯ ಕಸ್ಟಮರ್ ಕೇರ್‌ಗೆ ಕೊಳ್ಳುವ ಮುಂಚೆಯೇ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ‘ಟೆಕ್ನಿಷಿಯನ್ ಎಲ್ಲಿಂದ ಬರುತ್ತಾರೆ, ಎಷ್ಟು ದಿನಕ್ಕೆ’ ಅಂತ ಕೇಳಿ. ಬೆಂಗಳೂರಿನಲ್ಲಿ ಮಾರನೇ ದಿನ ಬರುವವರು ತಾಲ್ಲೂಕು ಕೇಂದ್ರಕ್ಕೆ ಬರುವುದು ಯಾವಾಗಲೋ. ಫೋನನ್ನೇ ಎತ್ತದಿದ್ದರೆ ಅದೂ ಒಂದು ಉತ್ತರ.

ಎಂಆರ್‌ಪಿ ಮೇಲೆ ಶೇ 50 ರಿಯಾಯಿತಿ ಅನ್ನುವ ಲೆಕ್ಕ ಮರೆತುಬಿಡಿ, ಆ ಎಂಆರ್‌ಪಿಗೆ ಯಾರೂ ಯಾವತ್ತೂ ಮಾರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬೆಲೆ ತೋರಿಸಿ ‘ನೋಡಿ ಎಷ್ಟು ಇಳಿಸಿದ್ದೇವೆ’ ಅಂದರೆ ಅದು ಅಂಗಡಿಯವರ ಔದಾರ್ಯ ಅಲ್ಲ. 32 ಇಂಚಿನವರೆಗಿನದ್ದು ಮೊದಲೂ ಶೇ 18ರಲ್ಲೇ ಇತ್ತು.

ಮಾಡೆಲ್ ನಂಬರ್ ಪೂರ್ತಿ ಬರೆದುಕೊಳ್ಳಿ, ಕೊನೆಯ ಎರಡು ಅಕ್ಷರವನ್ನೂ ಬಿಡದೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಮಾಡೆಲ್‌ಗಳ ಒಳಗೆ ಬೇರೆ ಬೇರೆ ಸರಕು ಇರಬಹುದು. ಆ ನಂಬರ್ ಹಿಡಿದು ಎರಡು ಕಡೆ ಬೆಲೆ ಕೇಳಿ. ಹಿಂದಿನ ವರ್ಷದ ಮಾಡೆಲ್ ಅಂದರೆ ಮೂಗು ಮುರಿಯಬೇಡಿ. ನಮ್ಮ ಬಜೆಟ್‌ನಲ್ಲಿ ಒಳ್ಳೆ ವ್ಯಾಪಾರ ಕುದುರುವುದು ಅಲ್ಲೇ.

‘ನೋ ಕಾಸ್ಟ್ ಇಎಂಐ’ ಪೂರ್ತಿ ಪುಕ್ಕಟೆ ಅಲ್ಲ. ಬಡ್ಡಿಯಷ್ಟನ್ನು ರಿಯಾಯಿತಿಯಾಗಿ ಕೊಟ್ಟಿರುತ್ತಾರೆ, ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಿಮ್ಮದೇ. ಪ್ರೊಸೆಸಿಂಗ್ ಫೀ ಇದ್ದರೆ ಅದೂ ನಿಮ್ಮದೇ. ‘ನಗದು ಕೊಟ್ಟರೆ ಎಷ್ಟು?’ ಅಂತ ಒಮ್ಮೆ ಕೇಳಿ ನೋಡಿ. ಎಕ್ಸ್‌ಟೆಂಡೆಡ್ ವಾರಂಟಿ ಒಂದೂವರೆ ಸಾವಿರದೊಳಗೆ ಇದ್ದು, ಪ್ಯಾನೆಲ್ ಕೂಡ ಸೇರಿದ್ದರೆ ಮಾತ್ರ ತಗೊಳ್ಳಿ. ಪ್ಯಾನೆಲ್ ಬಿಟ್ಟು ಉಳಿದದ್ದಕ್ಕೆ ವಾರಂಟಿ ಅಂದರೆ ಊಟ ಬಿಟ್ಟು ಬಾಳೆಎಲೆಗೆ ದುಡ್ಡು ಕೊಟ್ಟಂತೆ.

ಹಂತ 8: ಟಿವಿ ಮನೆಗೆ ಬಂದ ದಿನ

ಪೆಟ್ಟಿಗೆ ಬಿಚ್ಚುವುದನ್ನು ಶುರುವಿನಿಂದ ಕೊನೆವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಮಧ್ಯೆ ನಿಲ್ಲಿಸಬೇಡಿ. ಕಂಪನಿಯವರೇ ಬಂದು ಬಿಚ್ಚುತ್ತಾರೆ ಅಂದಿದ್ದರೆ ಕಾಯಿರಿ, ಮಕ್ಕಳು ಎಷ್ಟೇ ಕಾಡಿದರೂ. ಒಡೆದ ಪರದೆ ವಾರಂಟಿಯಲ್ಲಿ ಬರುವುದಿಲ್ಲ. ‘ನಾವು ಕೊಟ್ಟಾಗ ಸರಿಯಿತ್ತು’ ಅಂದರೆ ನಿಮ್ಮ ಹತ್ತಿರ ಇರುವ ಸಾಕ್ಷಿ ಆ ವಿಡಿಯೊ ಒಂದೇ.

ಟಿವಿಯನ್ನು ಮಂಚದ ಮೇಲೆ ಅಂಗಾತ ಮಲಗಿಸಬೇಡಿ, ನಿಲ್ಲಿಸಿಯೇ ಹಿಡಿಯಿರಿ. ಹಿಡಿಯುವಾಗ ಬೆರಳು ಅಂಚಿನ ಮೇಲಿರಲಿ, ಪರದೆ ಮೇಲೆ ಬೇಡ.

ಆನ್ ಆದ ಮೇಲೆ ಯೂಟ್ಯೂಬಿನಲ್ಲಿ ‘ಡೆಡ್ ಪಿಕ್ಸೆಲ್ ಟೆಸ್ಟ್’ ಹುಡುಕಿ. ಪರದೆ ಪೂರ್ತಿ ಬಿಳಿ, ಬೂದು, ಕಪ್ಪು, ಕೆಂಪು ಆಗುತ್ತಾ ಹೋಗುತ್ತದೆ. ಬಿಳಿಯಲ್ಲಿ ಕಪ್ಪು ಚುಕ್ಕೆ, ಬೂದು ಬಣ್ಣದಲ್ಲಿ ಕಲೆ ಅಥವಾ ಪಟ್ಟೆ ಇದೆಯಾ ನೋಡಿ. ಕಪ್ಪಿನಲ್ಲಿ ಮೂಲೆಯಿಂದ ಸ್ವಲ್ಪ ಬೆಳಕು ಸೋರುವುದು ಈ ಬೆಲೆಗೆ ಸಾಮಾನ್ಯ. ಒಂದು ಮೂಲೆ ದೀಪ ಹಚ್ಚಿದಂತಿದ್ದರೆ ಸಾಮಾನ್ಯ ಅಲ್ಲ. ಆನ್‌ಲೈನ್ ಆದರೆ ಬದಲಾಯಿಸಿಕೊಡುವ ಗಡುವು ಕೆಲವೇ ದಿನ. ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಅಂದರೆ ಗಡುವು ಮುಗಿದಿರುತ್ತದೆ. ಅಂಗಡಿಯವರೂ ಕಂಪನಿಯವರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಿಲ್ ಕೈಯಲ್ಲಿ ಇಟ್ಟುಕೊಂಡು.

ಹಂತ 9: ನಾಲ್ಕು ಸೆಟ್ಟಿಂಗ್

ಮೊದಲ ಬಾರಿ ಆನ್ ಮಾಡಿದಾಗ ‘ಹೋಮ್’ ಅಥವಾ ‘ಸ್ಟೋರ್’ ಅಂತ ಕೇಳಿದರೆ ‘ಹೋಮ್’ ಒತ್ತಿ. ಪಿಕ್ಚರ್ ಮೋಡ್ ‘ಸಿನಿಮಾ’ಗೆ ಹಾಕಿ. ಎರಡು ದಿನ ಹಳದಿ ಅನ್ನಿಸುತ್ತದೆ, ಆಮೇಲೆ ಕಣ್ಣಿಗೆ ಅದೇ ಹಿತ. ಸಿನಿಮಾ ಕೂಡ ಧಾರಾವಾಹಿ ಥರ ನುಣ್ಣಗೆ ಓಡುತ್ತಿದೆ ಅನ್ನಿಸಿದರೆ ‘ಮೋಷನ್’ ಅಂತ ಇರುವುದನ್ನು ಆಫ್ ಮಾಡಿ. ಹಳೇ ಸಿನಿಮಾದಲ್ಲಿ ನಾಯಕ ಕುಳ್ಳಗೆ, ದಪ್ಪಗೆ ಕಾಣುತ್ತಿದ್ದರೆ ಅವರ ತಪ್ಪಲ್ಲ. ಚೌಕಾಕಾರದ ಚಿತ್ರವನ್ನು ಟಿವಿ ಎಳೆದು ಅಗಲ ಮಾಡಿದೆ. ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆಯನ್ನು 4:3 ಅಥವಾ ‘ಒರಿಜಿನಲ್’ ಮಾಡಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಗುಡುಗು ಶುರುವಾಗುವ ಸೂಚನೆ ಕಂಡ ಕೂಡಲೇ ರಿಮೋಟಿನಲ್ಲಿ ಆಫ್ ಮಾಡಿ ಸುಮ್ಮನೆ ಕೂರಬೇಡಿ. ಟಿವಿಯ ಪ್ಲಗ್, ಸೆಟ್‌ಟಾಪ್ ಬಾಕ್ಸಿನ ಪ್ಲಗ್ ಎರಡನ್ನೂ ಕೀಳಿ, ಡಿಶ್‌ನಿಂದ ಬರುವ ವೈರನ್ನೂ ಬಾಕ್ಸಿನಿಂದ ಬಿಚ್ಚಿಡಿ. ಸಿಡಿಲಿನ ಕರೆಂಟ್ ಆ ವೈರಿನಲ್ಲೂ ಬಂದು, ಎಚ್‌ಡಿಎಂಐ ದಾಟಿ ಟಿವಿಯೊಳಗೆ ಹೋಗುತ್ತದೆ. ಸ್ಪೈಕ್ ಗಾರ್ಡ್ ಇದನ್ನು ತಡೆಯುವುದಿಲ್ಲ. ಗುಡುಗು ತಲೆಯ ಮೇಲೇ ಬಂದಿದ್ದರೆ ಮಾತ್ರ ವೈರ್ ಮುಟ್ಟಲು ಹೋಗಬೇಡಿ, ದೂರ ಇರಿ.